ಇಪ್ಪತ್ತೈದು ಮಂದಿ ಬೇಕಾಗಿದ್ದಾರೆ

ಸುಮಾರು ಎರಡೂವರೆ ವರ್ಷ ನಾನೊಂದು ಸಂಘಕ್ಕೆ ಜನ ಹುಡುಕುವ ಕೆಲಸ ಮಾಡಿದ್ದೇನೆ. ಅದಕ್ಕೆ ಸಂಬಳವಿರಲಿಲ್ಲ. ಸಂಘಕ್ಕೆ ಕಟ್ಟಡವಿರಲಿಲ್ಲ, ಬೋರ್ಡು ಇರಲಿಲ್ಲ, ರಶೀದಿ ಪುಸ್ತಕವೂ ಇರಲಿಲ್ಲ. ಸದಸ್ಯರ ಪೈಕಿ ಒಬ್ಬರ ಮುಖವನ್ನೂ ನಾನು ಇವತ್ತಿನವರೆಗೆ ಕಂಡಿಲ್ಲ. ಆದರೂ ಆ ಸಂಘ ನಿಂತುಹೋದ ದಿನ ನನಗೆ ಊಟ ಸೇರಲಿಲ್ಲ. ಮನೆಯವರಿಗೆ ಹೇಳಿದರೆ ನಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಆಡುವ ಒಂದು ಆಟದ ವಿಷಯ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂದು ಅದರ ಹೆಸರು. ಅಮೆರಿಕದ ಬ್ಲಿಝಾರ್ಡ್ ಕಂಪೆನಿ 2004ರ ನವೆಂಬರಿನಲ್ಲಿ ಅದನ್ನು ಬಿಡುಗಡೆ ಮಾಡಿತು. ಯುರೋಪಿಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ತಿಂಗಳು ತಿಂಗಳು ಚಂದಾ ಕಟ್ಟಿ ಆಡಬೇಕಾದ ಆಟ. ಒಂದು ದೊಡ್ಡ ಲೋಕ. ಅದರಲ್ಲಿ ಕಾಡು, ಮರುಭೂಮಿ, ಪಟ್ಟಣ, ಹಡಗು, ಅಂಚೆಪೆಟ್ಟಿಗೆ ಎಲ್ಲವೂ ಇವೆ. ಸಾವಿರಾರು ಜನ ಒಂದೇ ಹೊತ್ತಿಗೆ ತಮ್ಮ ತಮ್ಮ ಮನೆಯಿಂದ ಆ ಲೋಕದೊಳಗೆ ಓಡಾಡುತ್ತಿರುತ್ತಾರೆ. ಅಲ್ಲಿನ ದೊಡ್ಡ ದೈತ್ಯರನ್ನು ಒಬ್ಬನಿಂದ ಮಣಿಸಲು ಆಗುವುದಿಲ್ಲ. ಮೊದಮೊದಲು ನಲವತ್ತು ಜನ ಒಟ್ಟಿಗೆ ಹೋಗಬೇಕಿತ್ತು. ಹಾಗೆ ಜೊತೆಯಾಗಿ ಹೋಗುವವರು ಕಟ್ಟಿಕೊಳ್ಳುವ ಸಂಘಕ್ಕೆ ಗಿಲ್ಡ್ ಎನ್ನುತ್ತಾರೆ.

ನಾನು ದಮ್ಮಾಮಿಗೆ ಹೋದದ್ದು 2005ರಲ್ಲಿ. ಒಂದು ಕಂಪೆನಿಯ ಕಂಪ್ಯೂಟರ್ ರಿಪೇರಿಯ ಕೆಲಸ. ಒಂದೇ ಕೋಣೆಯಲ್ಲಿ ಐದು ಮಂದಿ ಇದ್ದೆವು. ಸಂಜೆ ಕೆಲಸ ಬಿಟ್ಟು ಬಂದರೆ ಅಡುಗೆ, ಊಟ, ಮತ್ತೆ ಗೋಡೆ ನೋಡುತ್ತಾ ಕೂರುವುದು. ಊರಿಗೆ ಫೋನ್ ಮಾಡುವುದಕ್ಕೂ ಕಾರ್ಡಿನ ನಿಮಿಷ ಎಣಿಸಬೇಕು. ಪಕ್ಕದ ಕೋಣೆಯ ಫಿಲಿಪೈನ್ಸ್ ಹುಡುಗನೊಬ್ಬ ನನಗೆ ಈ ಆಟ ತೋರಿಸಿದ. 60 ದಿನದ ಚಂದಾ ಕಾರ್ಡೊಂದನ್ನು ಇಬ್ಬರೂ ಸೇರಿ ಕೊಂಡೆವು. ಅವನು ಎರಡೇ ತಿಂಗಳಲ್ಲಿ ಬಿಟ್ಟ. ನಾನು ಏಳು ವರ್ಷ ಉಳಿದೆ.

ಅಲ್ಲಿ ಮೂರು ಬಗೆಯ ಕೆಲಸದವರಿರುತ್ತಾರೆ. ಮುಂದೆ ನಿಂತು ಏಟು ತಿನ್ನುವವರು, ಏಟು ಕೊಡುವವರು, ಹಿಂದೆ ನಿಂತು ಗಾಯಕ್ಕೆ ಮದ್ದು ಮಾಡುವವರು. ನಾನು ಮದ್ದಿನವನಾದೆ. ನನ್ನ ಪಾತ್ರ ಒಬ್ಬ ಪಾದ್ರಿಯದ್ದು. ಗಿಲ್ಡಿನಲ್ಲಿ ಇಂಗ್ಲಿಷರು, ಪೋಲೆಂಡಿನವರು, ಸ್ವೀಡನ್ನಿನವರು, ಈಜಿಪ್ಟಿನ ಇಬ್ಬರು, ನಾನು. ಆಟವಾಡುವಾಗ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಿದ್ದೆವು. ನನ್ನ ಇಂಗ್ಲಿಷು ಓಡಿದ್ದು ಅಲ್ಲಿ.

ವಾರಕ್ಕೆ ಮೂರು ರಾತ್ರಿ ಆಟ: ಬುಧವಾರ, ಗುರುವಾರ, ಭಾನುವಾರ. ಆಗ ನಮ್ಮ ಕಂಪೆನಿಗೆ ಗುರುವಾರ ಮತ್ತು ಶುಕ್ರವಾರ ರಜೆ, ಹಾಗಾಗಿ ಮೊದಲೆರಡು ರಾತ್ರಿಗೆ ತೊಂದರೆಯಿಲ್ಲ. ಭಾನುವಾರ ಮಾತ್ರ ಮರುದಿನ ಕೆಲಸದಲ್ಲಿ ತೂಕಡಿಸುತ್ತಿದ್ದೆ. ಯುರೋಪಿನವರು ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆಂಬುದು ನನಗೆ ಗೊತ್ತೇ ಇರಲಿಲ್ಲ. ಮೊದಲ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂದು ಗಂಟೆ ಮೊದಲೇ ಹೋಗಿ, ಎಲ್ಲರೂ ನನ್ನನ್ನು ಬಿಟ್ಟು ಹೋದರೆಂದು ತಿಳಿದು ಬೇಸರಪಟ್ಟಿದ್ದೆ.

ರಮಝಾನಿನಲ್ಲಿ ತರಾವೀಹ್ ಮುಗಿಸಿ ಕೋಣೆಗೆ ಬರುವಾಗ ಆಟದ ಹೊತ್ತು ಮೀರುತ್ತಿತ್ತು. ಒಂದು ತಿಂಗಳು ಬರಲಾಗದು ಎಂದು ತಿಳಿಸಿದೆ. ನಮ್ಮ ಮುಖ್ಯಸ್ಥ ಇಂಗ್ಲೆಂಡಿನ ಒಬ್ಬ ಲಾರಿ ಡ್ರೈವರ್. ಅವನು ಅದೇನೆಂದು ವಿವರ ಕೇಳಿದ. ಕೇಳಿ, ಆ ತಿಂಗಳು ಪೂರ್ತಿ ಆಟವನ್ನು ಅರ್ಧ ಗಂಟೆ ತಡವಾಗಿ ಶುರು ಮಾಡಿದ. ಯಾರಾದರೂ ಏಕೆ ತಡವೆಂದು ಕೇಳಿದರೆ, "ನಮ್ಮ ಪಾದ್ರಿ ನಮಾಝಿಗೆ ಹೋಗಿದ್ದಾನೆ, ಬರಲಿ" ಎನ್ನುತ್ತಿದ್ದನಂತೆ. ಈ ಮಾತು ನೆನಪಾದರೆ ಈಗಲೂ ನನಗೆ ನಗು ಬರುತ್ತದೆ. ಇಪ್ಪತ್ತನಾಲ್ಕು ಜನ ಒಬ್ಬನಿಗಾಗಿ ಕಾದು ಕೂತದ್ದು ಅದಕ್ಕೆ ಮೊದಲು ನನ್ನ ಬದುಕಿನಲ್ಲಿ ಎಲ್ಲೂ ಆಗಿರಲಿಲ್ಲ.

ಅವರು ಕಾದದ್ದು ಪ್ರೀತಿಯಿಂದ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ನಾನಿಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಮದ್ದಿನವರು ಕಡಿಮೆ. ನನಗೂ ಅವರಿಲ್ಲದೆ ಆಗುತ್ತಿರಲಿಲ್ಲ. ಈ ಅಗತ್ಯದ ಮೇಲೆಯೇ ಆ ಸ್ನೇಹ ಬೆಳೆದಿತ್ತು. ಇದು ನನಗೆ ಅರ್ಥವಾದದ್ದು ತುಂಬಾ ತಡವಾಗಿ.

ಕಂಪೆನಿ ಆಗಾಗ ಲೆಕ್ಕ ಬದಲಿಸುತ್ತಿತ್ತು. 2007ರ ಜನವರಿಯಲ್ಲಿ ನಲವತ್ತು ಜನರ ದಂಡು ಇಪ್ಪತ್ತೈದಕ್ಕೆ ಇಳಿಯಿತು. ಕೇಳುವುದಕ್ಕೆ ಒಳ್ಳೆಯ ಸುದ್ದಿ. ಜನ ಹೊಂದಿಸುವುದು ಸುಲಭವಾಯಿತಲ್ಲ! ಆದರೆ ನಲವತ್ತು ಜನರಿದ್ದ ಸಂಘದಲ್ಲಿ ಉಳಿದ ಹದಿನೈದು ಮಂದಿ ಎಲ್ಲಿಗೆ ಹೋಗಬೇಕು? ಯಾರನ್ನು ಕೂರಿಸುವುದು, ಯಾರನ್ನು ಕರೆಯುವುದು ಎಂಬಲ್ಲಿ ಎಷ್ಟೋ ಗಿಲ್ಡ್‌ಗಳು ಒಡೆದವು. 2010ರ ಡಿಸೆಂಬರಿನಲ್ಲಿ ಹತ್ತು ಜನ ಹೋದರೂ ಇಪ್ಪತ್ತೈದು ಜನ ಹೋದರೂ ಸಿಗುವ ಸಂಪತ್ತು ಒಂದೇ ದರ್ಜೆಯದ್ದು ಎಂದಾಯಿತು. ಹಾಗಿದ್ದ ಮೇಲೆ ಇಪ್ಪತ್ತೈದು ಜನರ ತಲೆನೋವು ಯಾರಿಗೆ ಬೇಕು? ನಮ್ಮ ಒಳ್ಳೆಯ ಆಟಗಾರರಲ್ಲಿ ಹತ್ತು ಮಂದಿ ಬೇರೆ ಒಲೆ ಹೂಡಿದರು. ಜಗಳವಾಗಲಿಲ್ಲ. ಒಂದು ಬುಧವಾರ ಬರಲಿಲ್ಲ, ಅಷ್ಟೆ.

ಆ ಬುಧವಾರದ ಬಳಿಕ ಮುಖ್ಯಸ್ಥ ನನ್ನನ್ನು ಕರೆದು, "ನೀನು ಮಾತು ಬಲ್ಲವ, ಜನ ಹುಡುಕು" ಎಂದ. ಹೀಗೆ ನಾನು ಗಿಲ್ಡಿನ ನೇಮಕಾತಿ ಅಧಿಕಾರಿಯಾದೆ.

ನಾನು ಜನ ಹುಡುಕಲು ಹೊರಟಾಗಲೇ ಜನ ಕಡಿಮೆಯಾಗಲು ಶುರುವಾಗಿತ್ತು. 2010ರ ಅಕ್ಟೋಬರಿನಲ್ಲಿ ಜಗತ್ತಿನಾದ್ಯಂತ 1 ಕೋಟಿ 20 ಲಕ್ಷ ಚಂದಾದಾರರು ಇದ್ದಾರೆಂದು ಕಂಪೆನಿ ಹೇಳಿತ್ತು. ಆಟದ ಶಿಖರ ಅದು. ಒಂದು ವರ್ಷದಲ್ಲಿ ಸುಮಾರು 1 ಕೋಟಿ 3 ಲಕ್ಷ. 2013ರ ಮಾರ್ಚಿಗೆ 83 ಲಕ್ಷ. 2014ರ ನವೆಂಬರಿನಲ್ಲಿ ಹೊಸ ಭಾಗವೊಂದು ಬಂದಾಗ ಸಂಖ್ಯೆ ಮತ್ತೆ 1 ಕೋಟಿ ದಾಟಿತು. ಆದರೆ ಅವರು ಮದುವೆ ಮನೆಗೆ ಬಂದ ನೆಂಟರಂತೆ. ಊಟ ಮುಗಿದ ಮೇಲೆ ನಿಲ್ಲಲಿಲ್ಲ. 2015ರ ಮಾರ್ಚಿಗೆ 71 ಲಕ್ಷ, ಸೆಪ್ಟೆಂಬರಿಗೆ 55 ಲಕ್ಷ. ಆ ಬಳಿಕ ಕಂಪೆನಿ ಲೆಕ್ಕ ಹೇಳುವುದನ್ನೇ ನಿಲ್ಲಿಸಿತು.

ಜನ ಏಕೆ ಹೋದರು? 2005ರಲ್ಲಿ ಕಾಲೇಜಿನಲ್ಲಿದ್ದವರಿಗೆ 2012ರಲ್ಲಿ ಕೆಲಸ, ಮದುವೆ, ಮಗು. ರಾತ್ರಿ ನಾಲ್ಕು ಗಂಟೆ ಒಂದೇ ಕಡೆ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? 2009ರಲ್ಲಿ 'ಲೀಗ್ ಆಫ್ ಲೆಜೆಂಡ್ಸ್' ಬಂತು. ಚಂದಾ ಇಲ್ಲ, ಅರ್ಧ ಮುಕ್ಕಾಲು ಗಂಟೆಯಲ್ಲಿ ಒಂದು ಪಂದ್ಯ ಮುಗಿಯುತ್ತದೆ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಇವೆಲ್ಲ ಹೊರಗಿನ ಕಾರಣಗಳು.

ಒಳಗಿನ ಕಾರಣವೂ ಒಂದಿತ್ತು. ಮೊದಲು ಐದು ಜನರ ಸಣ್ಣ ದಂಡು ಕಟ್ಟಬೇಕಾದರೂ ಪಟ್ಟಣದ ನಡುವೆ ನಿಂತು ಕೂಗಿ ಕರೆಯಬೇಕಿತ್ತು. ಬಂದವರು ಸೇರಿ ದೂರದ ಗುಹೆಯವರೆಗೆ ಹೋಗಬೇಕಿತ್ತು. ಹೋಗುವ ದಾರಿಯಲ್ಲಿ ಮಾತು. ಯಾರು ಒಳ್ಳೆಯವ, ಯಾರು ನಡುವಲ್ಲಿ ಕೈಕೊಡುವವ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಕೆಟ್ಟ ಹೆಸರು ಪಡೆದವನನ್ನು ಯಾರೂ ಕರೆಯುತ್ತಿರಲಿಲ್ಲ. 2009ರ ಡಿಸೆಂಬರಿನಲ್ಲಿ ಒಂದು ಗುಂಡಿ ಬಂತು. ಅದನ್ನು ಒತ್ತಿದರೆ ಯಂತ್ರವೇ ಎಲ್ಲೆಲ್ಲಿಂದಲೋ ನಾಲ್ಕು ಜನರನ್ನು ತಂದು ಸೇರಿಸಿ ಗುಹೆಯ ಬಾಗಿಲಲ್ಲಿ ನಿಲ್ಲಿಸುತ್ತದೆ. 2011ರ ನವೆಂಬರಿನಲ್ಲಿ ಇಪ್ಪತ್ತೈದು ಜನರ ದಂಡಿಗೂ ಅಂಥದ್ದೇ ಗುಂಡಿ ಬಂತು. ಸಲಾಂ ಇಲ್ಲ, ಕುಶಲ ಪ್ರಶ್ನೆಯಿಲ್ಲ. ಕೆಲಸ ಮುಗಿದೊಡನೆ ಎಲ್ಲರೂ ಮಾಯ. ಮರುದಿನ ಅವರೇ ಎದುರಾದರೂ ಗುರುತಿರುವುದಿಲ್ಲ.

ಈ ಗುಂಡಿಯನ್ನು ಬೈಯುವುದು ಸುಲಭ. ಆದರೆ ಅದನ್ನು ಬೇಡಿದವರು ನಾವೇ. ಪಟ್ಟಣದಲ್ಲಿ ಗಂಟೆಗಟ್ಟಲೆ ಕೂಗಿ ಬೇಸತ್ತವರು ನಾವೇ. ಬಂದ ಮೊದಲ ವಾರ ಅದನ್ನು ಹೆಚ್ಚು ಒತ್ತಿದವರಲ್ಲಿ ನಾನೂ ಒಬ್ಬ. ಗಿಲ್ಡಿಲ್ಲದೆಯೂ ಎಲ್ಲವನ್ನೂ ನೋಡಬಹುದೆಂದ ಮೇಲೆ, ಮೂರು ರಾತ್ರಿ ಬರುತ್ತೇನೆಂದು ಯಾರು ಮಾತು ಕೊಡುತ್ತಾರೆ? ನಾನು ಹುಡುಕುತ್ತಿದ್ದದ್ದು ಮಾತು ಕೊಡುವವರನ್ನು.

ನನ್ನ ಪ್ರಕಟಣೆ ಹೀಗಿತ್ತು: ಇಪ್ಪತ್ತೈದು ಜನರ ಸಂಘ, ಸ್ನೇಹಪರ ವಾತಾವರಣ, ವಾರಕ್ಕೆ ಮೂರು ರಾತ್ರಿ, ಮದ್ದಿನವರು ಬೇಕಾಗಿದ್ದಾರೆ. ಎಲ್ಲಾ ಸಂಘದ ಪ್ರಕಟಣೆಯೂ ಹೀಗೆಯೇ ಇರುತ್ತಿತ್ತು. ಎಲ್ಲರೂ ಸ್ನೇಹಪರರು, ಎಲ್ಲರಿಗೂ ಮದ್ದಿನವರೇ ಬೇಕು. ಅದೇ ಹೊತ್ತಿಗೆ ಗಿಲ್ಡ್‌ಗಳಿಗೆ ಮಟ್ಟ ಬೇರೆ ನಿಗದಿಯಾಯಿತು. ಇಪ್ಪತ್ತೈದನೇ ಮಟ್ಟ ಮುಟ್ಟಿದ ಸಂಘದವರಿಗೆ ಹಲವು ಸವಲತ್ತು. ಹೊಸಬರು ದೊಡ್ಡ ಸಂಘಕ್ಕೇ ಹೋದರು. ಉಳ್ಳವರ ಮನೆಗೇ ನೆಂಟರು.

ಜನ ಕಡಿಮೆಯಾಗುವ ಕ್ರಮ ಹೇಗೆಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಇಪ್ಪತ್ತೈದು ಜನ ಬೇಕಾದ ಕಡೆ ಇಪ್ಪತ್ತೆರಡು ಮಂದಿ ಬಂದಿದ್ದಾರೆ. ಮೂವರಿಗಾಗಿ ಒಂದು ಗಂಟೆ ಕಾಯುತ್ತೇವೆ. ಸಿಗುವುದಿಲ್ಲ. ಆ ರಾತ್ರಿ ಆಟ ರದ್ದು. ಮುಂದಿನ ವಾರ ಆ ಇಪ್ಪತ್ತೆರಡರಲ್ಲಿ ನಾಲ್ವರು, ಹೇಗೂ ಆಗುವುದಿಲ್ಲವಲ್ಲ ಎಂದು ಬರುವುದಿಲ್ಲ. ಬಂದ ಹದಿನೆಂಟು ಮಂದಿ ಇನ್ನೂ ಹೆಚ್ಚು ಹೊತ್ತು ಕಾಯುತ್ತಾರೆ. ಹೋದವರಿಂದಾಗಿ ಸಂಘ ಸಾಯುವುದಿಲ್ಲ. ಬಂದವರು ಕಾದು ಕಾದು ಹೋಗುತ್ತಾರಲ್ಲ, ಆಗ ಸಾಯುತ್ತದೆ. ಇದನ್ನು ತಪ್ಪಿಸಲು ಮೂವತ್ತು ಮಂದಿ ಸೇರಿಸಿಕೊಂಡರೆ, ಎಲ್ಲರೂ ಬಂದ ರಾತ್ರಿ ಐವರನ್ನು ಹೊರಗೆ ಕೂರಿಸಬೇಕು. ಎರಡು ಸಲ ಹೊರಗೆ ಕೂತವನು ಮೂರನೇ ಸಲ ಬರುವುದಿಲ್ಲ.

ಈ ಲೆಕ್ಕದಲ್ಲಿ ಮುಳುಗಿದ್ದಾಗಲೇ ನಾನೊಂದು ತಪ್ಪು ಮಾಡಿದೆ.

ಸದಸ್ಯರ ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರು, ಅವರು ಕೊನೆಯ ಸಲ ಬಂದು ಎಷ್ಟು ದಿನವಾಯಿತೆಂದು ಕಾಣುತ್ತದೆ. ಹೊಸಬರು ಸೇರಿದೊಡನೆ ಅದನ್ನೇ ನೋಡುತ್ತಿದ್ದರು. ಅರ್ಧ ಹೆಸರುಗಳು ಮಲಗಿದ್ದರೆ, ಇದು ಮುಳುಗುವ ಹಡಗೆಂದು ಹೊರಟುಬಿಡುತ್ತಿದ್ದರು. ಆದ್ದರಿಂದ ಎಂಟು ವಾರ ಬಾರದವರನ್ನು ತೆಗೆದುಹಾಕುವುದೆಂಬ ನಿಯಮ ಮಾಡಿದೆ. ನಿಯಮ ನನ್ನದೇ. 2012ರ ಒಂದು ರಾತ್ರಿ ಕೂತು ಹದಿನಾಲ್ಕು ಹೆಸರು ಅಳಿಸಿದೆ. ಅದರಲ್ಲಿ ಒಂದು, ಪೋಲೆಂಡಿನ ಒಬ್ಬನದು. 2007ರಿಂದ ನಮ್ಮ ಜೊತೆ ಇದ್ದವ. ನನ್ನಂತೆ ಮದ್ದಿನವ. ಮಾತು ಕಡಿಮೆ. ನಾನು ಹೊಸಬನಾಗಿದ್ದಾಗ ಯಾವಾಗ ಯಾರಿಗೆ ಮದ್ದು ಮಾಡಬೇಕೆಂದು ಕಲಿಸಿದವ. ಒಂದೇ ದೈತ್ಯನೆದುರು ನಾವು ನೂರು ಸಲ ಸತ್ತಾಗಲೂ ಸ್ವರ ಏರಿಸದವ. ಅವನ ಹೆಸರಿನೆದುರು ಒಂಬತ್ತು ವಾರವಾಗಿತ್ತು. ಒಂದು ಕ್ಷಣ ಕೈ ತಡೆಯಿತು. ನಿಯಮ ಎಲ್ಲರಿಗೂ ಒಂದೇ ಎಂದುಕೊಂಡು ಅಳಿಸಿದೆ.

ಕೆಲವು ತಿಂಗಳ ಬಳಿಕ ಆಟದ ಅಂಚೆಪೆಟ್ಟಿಗೆಯಲ್ಲಿ ಅವನ ಪತ್ರವಿತ್ತು. ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಈಗ ಮನೆಗೆ ಬಂದಿದ್ದಾಳೆ. ನಾನು ಸಂಘದಲ್ಲಿಲ್ಲವೆಂದು ಈಗ ನೋಡಿದೆ. ಪರವಾಗಿಲ್ಲ, ನಿಮಗೂ ಜನ ಬೇಕಲ್ಲ. ಎಲ್ಲರಿಗೂ ನಮಸ್ಕಾರ ಹೇಳು. ಇಷ್ಟೇ. ಆ 'ಪರವಾಗಿಲ್ಲ' ನನ್ನನ್ನು ಇರಿಯಿತು. ಕೂಡಲೇ ಕ್ಷಮೆ ಕೇಳಿ ಉತ್ತರ ಬರೆದೆ, ಬಾ ಎಂದು ಕರೆದೆ, ಜೊತೆಗೆ ಸಣ್ಣದೊಂದು ಕಾಣಿಕೆಯನ್ನೂ ಇಟ್ಟೆ. ಆ ಲೋಕದಲ್ಲಿ ಕಾಣಿಕೆ ಇಟ್ಟ ಅಂಚೆಯನ್ನು 30 ದಿನ ಯಾರೂ ತೆರೆಯದಿದ್ದರೆ ಕಳಿಸಿದವನಿಗೇ ಮರಳುತ್ತದೆ. ನನ್ನದು ಮರಳಿತು.

ಇಷ್ಟು ವರ್ಷ ನಾನು ಜನರಿಗಾಗಿ ಹುಡುಕಾಡಿದ್ದೆ. ಹೊಸಬರಿಗೆ ನೂರು ಪ್ರಶ್ನೆ ಕೇಳಿದ್ದೆ: ನಿನ್ನ ಆಯುಧ ಯಾವುದು, ಎಷ್ಟು ಅನುಭವ, ಮೂರು ರಾತ್ರಿ ಬರಬಲ್ಲೆಯಾ. ಐದು ವರ್ಷ ಜೊತೆಯಲ್ಲಿದ್ದವ ಎರಡು ತಿಂಗಳು ಕಾಣದಿದ್ದಾಗ, ಏನಾಯಿತಪ್ಪಾ ಎಂದು ಒಂದು ಸಾಲು ಬರೆಯಲು ನನಗೆ ಹೊಳೆಯಲಿಲ್ಲ.

2024ರಲ್ಲಿ ಒಂದು ಸಾಕ್ಷ್ಯಚಿತ್ರ ನೋಡುವಾಗ ಅವನು ಮತ್ತೆ ನೆನಪಾದ. ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕನ ಕಥೆ ಅದು. ನಿರ್ದೇಶಕ ಬೆಂಜಮಿನ್ ರೀ. ಮಾಟ್ಸ್‌ಗೆ ಡುಶೆನ್ ಎಂಬ, ಸ್ನಾಯುಗಳು ಸೊರಗುತ್ತಾ ಹೋಗುವ ಹುಟ್ಟುಕಾಯಿಲೆ. ಗಾಲಿಕುರ್ಚಿಯಲ್ಲಿದ್ದು 2014ರ ನವೆಂಬರಿನಲ್ಲಿ, ತನ್ನ 25ನೇ ವಯಸ್ಸಿನಲ್ಲಿ ತೀರಿಹೋದ. ಮಗ ಸ್ನೇಹಿತರಿಲ್ಲದೆ ಒಂಟಿಯಾಗಿ ಬದುಕಿದನೆಂದು ತಂದೆ ತಾಯಿ ಕೊರಗುತ್ತಿದ್ದರು. ತಂದೆ ಮಗನ ಬ್ಲಾಗಿನಲ್ಲಿ ಸಾವಿನ ಸುದ್ದಿ ಬರೆದರು. ಉತ್ತರಗಳು ಬಂದವು, ಗುರುತಿಲ್ಲದ ದೇಶಗಳಿಂದ, ಗುರುತಿಲ್ಲದ ಜನರಿಂದ. ನಾನು ಆಡುತ್ತಿದ್ದ ಇದೇ ಆಟದಲ್ಲಿ ಅವನು 'ಇಬೆಲಿನ್' ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಇದ್ದ. 'ಸ್ಟಾರ್‌ಲೈಟ್' ಎಂಬ ಗಿಲ್ಡಿನ ಸದಸ್ಯ. ಎಷ್ಟೋ ಮಂದಿಯ ಕಷ್ಟಕ್ಕೆ ಕಿವಿಯಾಗಿದ್ದ. ಅವನ ಅಂತ್ಯಕ್ರಿಯೆಗೆ ಆ ಸಂಘದ ಕೆಲವರು ಬೇರೆ ಬೇರೆ ದೇಶಗಳಿಂದ ನಾರ್ವೆಗೆ ಬಂದಿದ್ದರು.

ಚಿತ್ರ ನೋಡುತ್ತಾ ಕಣ್ಣು ತೇವವಾಯಿತು. ಜೊತೆಗೇ ಒಂದು ಯೋಚನೆ ಬಂತು. ಆ ಸಂಘದಲ್ಲಿ ನಾನು ನೇಮಕಾತಿ ಅಧಿಕಾರಿಯಾಗಿದ್ದು, ಆ ಹುಡುಗ ಕಾಯಿಲೆ ಜೋರಾಗಿ ಎರಡು ತಿಂಗಳು ಬಾರದೆ ಹೋಗಿದ್ದರೆ? ಐವತ್ತೇಳನೇ ದಿನ ನಾನು ಏನು ಮಾಡುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತು.

ನಮ್ಮ ಗಿಲ್ಡು 2013ರ ವಸಂತದಲ್ಲಿ ನಿಂತಿತು. ಕೊನೆಯ ಗುರುವಾರ ಏಳು ಮಂದಿ ಬಂದಿದ್ದೆವು. ಮುಖ್ಯಸ್ಥ ಒಂದು ಗಂಟೆ ಕಾದು, "ಸರಿ, ಇನ್ನು ಮಲಗೋಣ" ಎಂದ. ಭಾಷಣವಿಲ್ಲ, ವಿದಾಯ ಕೂಟವಿಲ್ಲ.

ಅದೇ ವರ್ಷ ರಜೆಯಲ್ಲಿ ಊರಿಗೆ ಬಂದೆ. ಬಂಟ್ವಾಳ ತಾಲೂಕಿನ ಒಳಗಿನ ಊರು ನಮ್ಮದು. ಶಾಲೆಯ ಹಿಂದಿನ ಮೈದಾನಿನಲ್ಲಿ ನಾವು ವಾಲಿಬಾಲ್ ಆಡುತ್ತಿದ್ದೆವು. ವರ್ಷಕ್ಕೊಮ್ಮೆ ಹೊನಲು ಬೆಳಕಿನ ಪಂದ್ಯಾಟ ನಡೆಸುತ್ತಿದ್ದೆವು. ಈಗ ಅಲ್ಲಿ ಎರಡು ಕಬ್ಬಿಣದ ಕಂಬಗಳು ಮಾತ್ರ ಉಳಿದಿದ್ದವು, ಒಂದಕ್ಕೆ ಯಾರೋ ದನ ಕಟ್ಟಿದ್ದರು. ನಮ್ಮ ತಂಡದ ಕ್ಯಾಪ್ಟನ್ ಆಗಿದ್ದ ದರ್ಜಿ ಅಣ್ಣನ ಅಂಗಡಿಯಲ್ಲಿ ಕೂತು, ಆಟ ಯಾವಾಗ ನಿಂತಿತೆಂದು ಕೇಳಿದೆ. ಅವರು ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ನೀನು ಹೋದ ವರ್ಷವೇ ನಿಂತಿತು ಮಾರಾಯ. ನೀನು ದಮ್ಮಾಮಿಗೆ, ಇಬ್ಬರು ದುಬೈಗೆ. ಆರರಲ್ಲಿ ಮೂವರು ಉಳಿದೆವು. ಮೂವರು ಸಂಜೆ ಬಂದು ಕೂತು ಎದ್ದು ಹೋಗುತ್ತಿದ್ದೆವು. ಎಷ್ಟು ದಿನ ಅಂತ ಬರುವುದು?"

ನನಗೆ ಮಾತು ಹೊರಡಲಿಲ್ಲ. ಬಂದು ಕಾದು ಹೋದವರ ಕಥೆ ನನಗೆ ಹೊಸತಲ್ಲ. ಆದರೆ ಆ ಕಥೆಯಲ್ಲಿ ಬಾರದೆ ಹೋದವನು ನಾನೂ ಆಗಿದ್ದೆ. ಮತ್ತು ಈ ಮನುಷ್ಯ ನನ್ನ ಹೆಸರನ್ನು ಯಾವ ಪಟ್ಟಿಯಿಂದಲೂ ಅಳಿಸಿರಲಿಲ್ಲ. ರಜೆಯಲ್ಲಿ ಬಂದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, "ಉಮ್ಮ ಹೇಗಿದ್ದಾರೆ, ಕೆಲಸ ಹೇಗಿದೆ" ಎಂದು.

2019ರ ಆಗಸ್ಟಿನಲ್ಲಿ ಕಂಪೆನಿ ಆ ಆಟದ ಹಳೆಯ ರೂಪವನ್ನು ಮತ್ತೆ ತೆರೆಯಿತು. ಗುಂಡಿಯಿಲ್ಲ, ನಲವತ್ತು ಜನರ ದಂಡು, ಪಟ್ಟಣದಲ್ಲಿ ನಿಂತು ಕೂಗುವುದು, ಎಲ್ಲಾ ಮೊದಲಿನಂತೆ. ಒಳಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಕಷ್ಟವನ್ನೇ ಹಣ ಕೊಟ್ಟು ಮರಳಿ ಪಡೆಯುವ ಜನ! ಆಗ ನಾನು ಊರಿಗೆ ಬಂದು ನೆಲೆಸಿ ಬಿ.ಸಿ. ರೋಡಿನಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟಿದ್ದೆ. ಆಸೆ ತಡೆಯಲಾರದೆ ಒಂದು ತಿಂಗಳ ಚಂದಾ ಕಟ್ಟಿದೆ. ಆದರೆ ಹಳೆಯ ರೂಪಕ್ಕೆ ಹೋಗಲಿಲ್ಲ. ನೇರ ನನ್ನ ಪಾದ್ರಿಯ ಬಳಿಗೆ ಹೋದೆ. ನಿಲ್ಲಿಸಿದ್ದ ಜಾಗದಲ್ಲೇ ನಿಂತಿದ್ದ.

ಸದಸ್ಯರ ಪಟ್ಟಿ ತೆರೆದೆ. ಲಾರಿ ಡ್ರೈವರ್, ಈಜಿಪ್ಟಿನ ಇಬ್ಬರು, ಕೊನೆಯ ಗುರುವಾರ ಬಂದ ಏಳು ಮಂದಿ, ಎಲ್ಲರ ಹೆಸರೂ ಹಾಗೆಯೇ ಇತ್ತು. ಆರು ವರ್ಷ, ಆರು ವರ್ಷ, ಐದು ವರ್ಷ ಎಂದು ಹೆಸರಿನೆದುರು ಬರೆದಿತ್ತು. ಅವರನ್ನು ಅಳಿಸುವವರು ಯಾರೂ ಇರಲಿಲ್ಲ. ನಾನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ. ಇಲ್ಲವೆಂದು ಗೊತ್ತಿದ್ದೂ ಆ ಪೋಲೆಂಡಿನವನ ಹೆಸರು ಹುಡುಕುತ್ತಿದ್ದೆ.